ಕೊಂಡ ತಟ್ಟೆಯ ಬಗ್ಗೆ, ಅದನ್ನು ಕೇಳಿದ ಮೇಲೆಯೇ ಮಾತು: ನನ್ನ ಅನುಭವ

ಹಳೆಯ ಗ್ರಾಮಫೋನ್ ತಟ್ಟೆ, ಎಲ್‌ಪಿ (ಹೆಚ್ಚು ಹೊತ್ತು ಹಾಡುವ ವಿನೈಲ್ ತಟ್ಟೆ) ಮತ್ತು ಕ್ಯಾಸೆಟ್‌ಗಳನ್ನು ಹುಡುಕಿ ಕೊಳ್ಳುವ ನಾವು ಕೆಲವರು ತಿಂಗಳಿಗೊಮ್ಮೆ ಬೆಂಗಳೂರಿನ ಬಸವನಗುಡಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಸೇರುತ್ತೇವೆ. ಈಚೆಗೆ ಯಾರಿಗೆ ಏನು ಸಿಕ್ಕಿತು ಎಂಬುದನ್ನು ತಂದು ತೋರಿಸುವುದು ಅಲ್ಲಿನ ಮುಖ್ಯ ಕೆಲಸ. ತಟ್ಟೆಯ ಎರಡೂ ಬದಿಗಳನ್ನು ಪೂರ್ತಿಯಾಗಿ ಕೇಳಿ, ಅದರ ಬಗ್ಗೆ ಒಂದು ಹಾಳೆಯಷ್ಟು ಬರೆದಿಟ್ಟುಕೊಳ್ಳದೆ ನಾನು ಯಾವುದನ್ನೂ ಆ ಕೂಟಕ್ಕೆ ಒಯ್ಯುವುದಿಲ್ಲ. ಹೊಸದಾಗಿ ಸೇರಿಕೊಂಡವರು ಈ ಪದ್ಧತಿಯ ಬಗ್ಗೆ ಆಗಾಗ ವಿಚಾರಿಸುತ್ತಾರಾದ್ದರಿಂದ, ಈ ವರ್ಷ ಕೊಂಡ ಮೂರು ವಸ್ತುಗಳನ್ನೇ ಮುಂದಿಟ್ಟುಕೊಂಡು ಅದನ್ನು ವಿವರಿಸುತ್ತೇನೆ.

ಸಾಮಾನ್ಯವಾಗಿ ಕೊಂಡವರು ಕವರಿನ ಚಿತ್ರ ತೋರಿಸುತ್ತಾರೆ, ಗಾಯಕರ ಹೆಸರು ಹೇಳುತ್ತಾರೆ, ಕೊಟ್ಟ ಬೆಲೆ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಈ ಮೂರರಿಂದ ಕೇಳುಗನಿಗೆ ಸಿಗುವುದು ಬಹಳ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಧಾರವಾಡ ಸೀಮೆಯ ಹಿಂದುಸ್ತಾನಿ ಗಾಯಕರು 1930ರ ದಶಕದಿಂದಲೇ ತಟ್ಟೆಗಳಿಗೆ ಹಾಡುತ್ತ ಬಂದಿದ್ದಾರೆ. ಆ ತಟ್ಟೆಗಳಲ್ಲಿ ಹಲವು ಇಂದಿಗೂ ಯಾರದೋ ಮನೆಯ ಅಟ್ಟದ ಮೇಲೋ ಟ್ರಂಕಿನೊಳಗೋ ಇವೆ. ಒಂದು ತಟ್ಟೆ ಹೊರಗೆ ಬಂದಾಗ ಅದರ ಲೇಬಲ್ಲಿನಲ್ಲಿ ಏನಿದೆ, ಅದು ಯಾವ ಸ್ಥಿತಿಯಲ್ಲಿದೆ, ಅದರೊಳಗಿನ ದನಿ ಹೇಗಿದೆ ಎಂಬುದನ್ನು ಕೊಂಡವರು ಸರಿಯಾಗಿ ಹೇಳಿದರೆ ಮಾತ್ರ ಅದು ಉಳಿದವರಿಗೂ ದಕ್ಕುತ್ತದೆ.

ಮೊದಲನೆಯದು ನಿಮಿಷಕ್ಕೆ 78 ಸುತ್ತು ತಿರುಗುವ ಒಂದು ತಟ್ಟೆ. ಧಾರವಾಡದ ಹಳೆಯ ಮನೆಯೊಂದನ್ನು ಮಾರುವ ಮುನ್ನ ಸಾಮಾನುಗಳನ್ನು ವಿಲೇವಾರಿ ಮಾಡುತ್ತಿದ್ದಾರೆಂದು ಪರಿಚಿತರೊಬ್ಬರು ತಿಳಿಸಿದ್ದರಿಂದ ಹೋಗಿದ್ದೆ. ಆ ಮನೆಯ ಹಿರಿಯರು ಮರದ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ಇವೆಲ್ಲಾ ನಮ್ಮ ಮನಿಯವ್ರು ತಂದ ಪ್ಲೇಟ್ ಅದಾವ್ರೀ. ಗುಜರಿಗೆ ಹಾಕೂದು ಬ್ಯಾಡ, ಕೇಳಾವ್ರ ಕೈಯಾಗ ಹೋಗ್ಲಿ ಅಂತ ಇಟ್ಕೊಂಡೇನಿ" ಎಂದರು. ಪೆಟ್ಟಿಗೆಯಲ್ಲಿ ಹೆಚ್ಚಿನವು ಮರಾಠಿ ನಾಟ್ಯಗೀತೆಗಳು. ಅವುಗಳ ನಡುವೆ ಎಚ್‌ಎಂವಿ ಕಂಪನಿಯ ಒಂದು ತಟ್ಟೆಯ ಲೇಬಲ್ಲಿನ ಮೇಲೆ 'ಗಾಂಧಾರಿ' ಎಂಬ ಹೆಸರಿತ್ತು.

ಗಂಗೂಬಾಯಿ ಹಾನಗಲ್ಲರ ಹುಟ್ಟುಹೆಸರು ಗಾಂಧಾರಿ. ಅವರ ಮೊದಮೊದಲ ತಟ್ಟೆಗಳು ಆ ಹೆಸರಿನಲ್ಲಿಯೇ ಬಂದವು. ಇದು ತಿಳಿಯದವರು ಇಂಥ ತಟ್ಟೆಯನ್ನು ಯಾರೋ ಅಪರಿಚಿತ ಗಾಯಕಿಯದೆಂದು ಬದಿಗಿಡುವ ಸಾಧ್ಯತೆ ಇದೆ. ಹೆಸರಿಗಿಂತ ಹೆಚ್ಚಾಗಿ ದನಿಯೇ ದಾರಿ ತಪ್ಪಿಸಬಹುದು. ನಾವೆಲ್ಲರೂ ಬಲ್ಲ ಗಂಗೂಬಾಯಿಯವರ ಕಂಠ ಗಂಭೀರವಾದದ್ದು, ಗಂಡುದನಿಗೆ ಹತ್ತಿರವಾದದ್ದು. ಗಂಟಲಿನ ಚಿಕಿತ್ಸೆಯ ನಂತರ ದನಿ ಹಾಗೆ ಬದಲಾಯಿತು. ಅದಕ್ಕೂ ಮುಂಚಿನ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಶ್ರುತಿಯ, ಚುರುಕಾದ ಹೆಣ್ಣುದನಿ. ತಟ್ಟೆ ಕೂಟಕ್ಕೆ ಹೋದಾಗ ನಾನು ಹೆಸರು ಹೇಳುವುದಕ್ಕೆ ಮೊದಲು ಒಂದು ಬದಿಯನ್ನು ಹಾಕಿದೆ. ವರ್ಷಗಟ್ಟಲೆ ಅವರ ಕಛೇರಿಗಳನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದ ಹಿರಿಯರೊಬ್ಬರಿಗೂ ಅದು ಯಾರ ದನಿಯೆಂದು ಹೊಳೆಯಲಿಲ್ಲ.

ಹತ್ತು ಇಂಚಿನ ಇಂಥ ತಟ್ಟೆಯ ಒಂದು ಬದಿ ಸುಮಾರು ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಅಷ್ಟರಲ್ಲಿ ರಾಗವನ್ನು ಸ್ಥಾಪಿಸಿ, ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ಹೇಳಿ, ತಾನುಗಳನ್ನು (ವೇಗದ ಸ್ವರಸಾಲುಗಳು) ಹಾಕಿ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬಂದು ಮುಗಿಸಬೇಕಿತ್ತು. ಇದನ್ನು ಖ್ಯಾಲಿನ (ರಾಗವನ್ನು ವಿಸ್ತರಿಸಿ ಹಾಡುವ ಹಿಂದುಸ್ತಾನಿ ಪ್ರಕಾರ) ಸಂಕ್ಷೇಪವೆಂದು ಕಡೆಗಣಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಾಗದ ಮುಖ ತಾಳದ ಮೊದಲ ಆವರ್ತನದಲ್ಲಿಯೇ (ಸುತ್ತಿನಲ್ಲಿಯೇ) ಕಾಣಬೇಕೆಂಬ ಒತ್ತಡದಲ್ಲಿ ಗಾಯಕರು ಯಾವ ಸ್ವರಸಂಗತಿಯನ್ನು ಆರಿಸಿಕೊಂಡರು ಎಂಬುದನ್ನು ಗಮನಿಸಿದರೆ, ಆ ರಾಗದ ಜೀವಾಳ ಅವರಿಗೆ ಎಲ್ಲಿತ್ತು ಎಂಬುದು ಒಂದು ಗಂಟೆಯ ಕಛೇರಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ.

78 ತಟ್ಟೆ ಅರಗಿನ ವಸ್ತು. ಸ್ಪಿರಿಟ್ ಅಥವಾ ಆಲ್ಕೋಹಾಲ್ ಬೆರೆತ ಯಾವ ದ್ರವವೂ ಅದಕ್ಕೆ ತಾಗಬಾರದು, ಏಕೆಂದರೆ ಅರಗು ಅದರಲ್ಲಿ ಕರಗುತ್ತದೆ. ವಿನೈಲ್ ಎಲ್‌ಪಿಗೆ ಬಳಸುವ ಕ್ಲೀನರನ್ನೇ ಇದಕ್ಕೂ ಹಚ್ಚಿ ಗೆರೆಗಳನ್ನು ಮಂಕಾಗಿಸಿದ ತಟ್ಟೆಗಳನ್ನು ಮಾರಾಟಕ್ಕೆ ಇಟ್ಟದ್ದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಸೌಮ್ಯವಾದ ದ್ರವ ಸೋಪಿನ ಒಂದೆರಡು ಹನಿ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಗೆರೆಗಳ ಗುಂಟ ಸುತ್ತಾಕಾರವಾಗಿ ಒರೆಸಿ, ಬರಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೊಮ್ಮೆ ಒರೆಸಿ, ಬಟ್ಟೆಯಿಂದ ಒತ್ತಿ ನೀರು ತೆಗೆದು ನೆರಳಿನಲ್ಲಿ ನಿಲ್ಲಿಸಿ ಆರಿಸುತ್ತೇನೆ. ಲೇಬಲ್ಲಿಗೆ ನೀರು ತಾಗದಂತೆ ಅದರ ಮೇಲೊಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿಯುತ್ತೇನೆ; ಲೇಬಲ್ ಹಾಳಾದರೆ ತಟ್ಟೆಯ ಗುರುತೇ ಹೋದಂತೆ. ಗೆರೆಯಲ್ಲಿ ಓಡುವ ಮುಳ್ಳಿನ (ಸ್ಟೈಲಸ್) ವಿಷಯದಲ್ಲಿಯೂ ರಿಯಾಯಿತಿ ಇಲ್ಲ. 78ರ ಗೆರೆ ಅಗಲವಾದದ್ದು, ಅದಕ್ಕೆ ಸುಮಾರು 65ರಿಂದ 75 ಮೈಕ್ರಾನಿನ ಮುಳ್ಳು ಬೇಕು. ಎಲ್‌ಪಿಯ ಮುಳ್ಳು 18ರಿಂದ 25 ಮೈಕ್ರಾನಿನಷ್ಟು ಸಣ್ಣದು. ಸಣ್ಣ ಮುಳ್ಳನ್ನು ದೊಡ್ಡ ಗೆರೆಯಲ್ಲಿ ಓಡಿಸಿದರೆ ಅದು ತಳದ ಕಸದಲ್ಲಿ ಅಲೆದಾಡುತ್ತದೆ, ಹಾಡಿಗಿಂತ ಸದ್ದೇ ಹೆಚ್ಚು ಕೇಳುತ್ತದೆ.

ಎರಡನೆಯದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ. ಇದು ಸಿಕ್ಕಿದ್ದು ಬೆಂಗಳೂರಿನ ಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಹಳೆಯ ಸಾಮಾನು ಹರವಿಕೊಂಡು ಕೂರುವ ವ್ಯಾಪಾರಿಯ ಬಳಿ, ಹಿಂದಿ ಸಿನಿಮಾ ತಟ್ಟೆಗಳ ಕಟ್ಟಿನ ನಡುವೆ. ಎಲ್‌ಪಿ ಕೈಗೆ ಬಂದೊಡನೆ ನಾನು ಕವರನ್ನು ನೋಡುವುದಕ್ಕಿಂತ ಮೊದಲು ತಟ್ಟೆಯನ್ನು ಹೊರತೆಗೆದು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿಯುತ್ತೇನೆ. ಒಂದರ ಮೇಲೊಂದು ಪೇರಿಸಿಟ್ಟ ಅಥವಾ ಬಿಸಿಲಿಗೆ ಬಿದ್ದ ತಟ್ಟೆ ಸೊಟ್ಟಗಾಗಿರುವುದು ಆಗ ಕಾಣುತ್ತದೆ. ಆಮೇಲೆ ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಟ್ಟು ಗೀಚುಗಳನ್ನು ನೋಡುತ್ತೇನೆ. ಉಗುರಿಗೆ ತಾಗದ ಕೂದಲೆಳೆಯಂಥ ಗೀಚುಗಳಿಂದ ಹೆಚ್ಚಿನ ತೊಂದರೆ ಇಲ್ಲ. ಉಗುರಿಗೆ ಸಿಕ್ಕುವಂಥದ್ದು ಪ್ರತಿ ಸುತ್ತಿಗೂ ಟಕ್ಕೆನ್ನುತ್ತದೆ.

ಖ್ಯಾಲ್ ಸಂಗೀತದ ಎಲ್‌ಪಿ ಕೊಳ್ಳುವವರು ನೋಡಲೇಬೇಕಾದ ಇನ್ನೊಂದು ಜಾಗವಿದೆ: ಲೇಬಲ್ಲಿನ ಪಕ್ಕದ ಕೊನೆಯ ಗೆರೆಗಳು. ಹನ್ನೆರಡು ಇಂಚಿನ ತಟ್ಟೆಯ ಹೊರಗಿನ ಸುತ್ತು ಸುಮಾರು 90 ಸೆಂಟಿಮೀಟರ್ ಉದ್ದ, ಒಳಗಿನ ಕೊನೆಯ ಸುತ್ತು ಅದರ ಅರ್ಧಕ್ಕಿಂತಲೂ ಕಡಿಮೆ. ತಟ್ಟೆ ತಿರುಗುವ ವೇಗ ನಿಮಿಷಕ್ಕೆ 33⅓ ಸುತ್ತಿನಂತೆ ಒಂದೇ ಆಗಿರುವುದರಿಂದ, ಒಳಕ್ಕೆ ಹೋದಂತೆಲ್ಲ ಅಷ್ಟೇ ಹೊತ್ತಿನ ನಾದವು ಕಡಿಮೆ ಉದ್ದದ ಗೆರೆಯಲ್ಲಿ ಇಕ್ಕಟ್ಟಾಗಿ ಕೂರುತ್ತದೆ. ಸವೆತ ಮತ್ತು ಕರ್ಕಶತೆ ಮೊದಲು ಕಾಣಿಸುವುದು ಅಲ್ಲಿಯೇ. ನಮ್ಮ ಸಂಗೀತದಲ್ಲಿ ದ್ರುತ್ (ವೇಗದ) ತಾನುಗಳು ಬರುವುದೂ ಬದಿಯ ಕೊನೆಯಲ್ಲಿಯೇ ಆದ್ದರಿಂದ, ಗಾಯನದ ಅತ್ಯಂತ ಬಿರುಸಿನ ಭಾಗ ತಟ್ಟೆಯ ಅತ್ಯಂತ ದುರ್ಬಲವಾದ ಭಾಗಕ್ಕೆ ಬೀಳುತ್ತದೆ. ಅಂಗಡಿಯಲ್ಲಿ ಪ್ಲೇಯರ್ ಇದ್ದರೆ ನಾನು ಹಾಡಿನ ಆರಂಭವನ್ನು ಹಾಕಿಸುವುದಿಲ್ಲ. ಎರಡೂ ಬದಿಗಳ ಕೊನೆಯ ಎರಡು ನಿಮಿಷಗಳನ್ನು ಹಾಕಿಸುತ್ತೇನೆ. ಅಲ್ಲಿ ತಾನು ಬಿಡಿಬಿಡಿಯಾಗಿ ಕೇಳಿದರೆ ಉಳಿದದ್ದು ಚೆನ್ನಾಗಿಯೇ ಇರುತ್ತದೆ.

ಎಚ್‌ಎಂವಿಯ ಆ ಕಾಲದ ಶಾಸ್ತ್ರೀಯ ಎಲ್‌ಪಿಗಳ ಸಂಖ್ಯೆಯ ಹಿಂದಿನ ಅಕ್ಷರಗಳು ಇಎಎಲ್‌ಪಿ ಎಂದಿದ್ದರೆ ಮೋನೋ (ಒಂದೇ ಚಾನೆಲ್), ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೋ (ಎರಡು ಚಾನೆಲ್). ಮೋನೋ ತಟ್ಟೆಯನ್ನು ಸ್ಟೀರಿಯೋ ಕಾರ್ಟ್ರಿಜ್ಜಿನಲ್ಲಿ (ಮುಳ್ಳು ಕೂರುವ ಭಾಗ) ಕೇಳುವಾಗ ಆಂಪ್ಲಿಫೈಯರಿನ ಮೋನೋ ಗುಂಡಿಯನ್ನು ಒತ್ತಬೇಕು. ಮೋನೋ ಗೆರೆಯಲ್ಲಿ ಹಾಡು ಅಡ್ಡಡ್ಡ ಚಲನೆಯಲ್ಲಿ ಮಾತ್ರ ಇರುತ್ತದೆ. ದೂಳಿನಿಂದಲೂ ಸವೆತದಿಂದಲೂ ಬರುವ ಮೇಲೆ-ಕೆಳಗಿನ ಅಲುಗಾಟದ ಸದ್ದು ಎರಡು ಚಾನೆಲ್‌ಗಳು ಕೂಡಿದಾಗ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಇಷ್ಟರಿಂದಲೇ ಚಿಟಿಚಿಟಿ ಸದ್ದು ಎಷ್ಟು ಇಳಿಯುತ್ತದೆಂದರೆ, ಕೈಬಿಡಬೇಕೆಂದುಕೊಂಡ ತಟ್ಟೆ ಕೇಳುವಂತಾಗುತ್ತದೆ.

ಲೇಬಲ್ಲಿನ ಸಂಖ್ಯೆಯ ಜೊತೆಗೆ, ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗದಲ್ಲಿ ಕೊರೆದ ಸಂಖ್ಯೆಯನ್ನೂ ನಾನು ಬರೆದುಕೊಳ್ಳುತ್ತೇನೆ. ಒಂದೇ ಧ್ವನಿಮುದ್ರಣವನ್ನು ಕಂಪನಿಗಳು ಬೇರೆ ಕವರಿನಲ್ಲಿ ಮತ್ತೆ ಹೊರತಂದಾಗ ಈ ಸಂಖ್ಯೆ ಗುಟ್ಟು ಬಿಟ್ಟುಕೊಡುತ್ತದೆ, ಇದ್ದದ್ದನ್ನೇ ಹೊಸದೆಂದು ಕೊಳ್ಳುವುದು ತಪ್ಪುತ್ತದೆ.

ಆ ಎಲ್‌ಪಿಯನ್ನು ಕೇಳಿದ್ದರ ಬಗ್ಗೆ ನನ್ನ ಹಾಳೆಯಲ್ಲಿ ಬರೆದದ್ದನ್ನು ಸ್ವಲ್ಪ ಹೇಳುತ್ತೇನೆ. ಮನ್ಸೂರರು ಮೊದಲು ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಶೈಲಿಯನ್ನೂ, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಜೈಪುರ-ಅತ್ರೌಲಿ ಶೈಲಿಯನ್ನೂ ಕಲಿತವರು. ಎಲ್‌ಪಿಗಳ ಕಾಲಕ್ಕೆ ಅವರಿಗೆ ಐವತ್ತು ದಾಟಿತ್ತು. ಅವರು ಷಡ್ಜ ಹಿಡಿದು ಬಹಳ ಹೊತ್ತು ಕೂರುವುದಿಲ್ಲ. ಬಂದಿಶ್ ಎತ್ತಿಕೊಂಡ ಕ್ಷಣದಿಂದ ಲಯದ ಜೊತೆ ನಡೆಯುತ್ತಾರೆ. ಎರಡನೆಯ ಸಲ ಕೇಳುವಾಗ ನಾನು ಠೇಕಾವನ್ನು (ತಬಲದ ತಾಳದ ಬಡಿತ) ಮಾತ್ರ ಬೆರಳಲ್ಲಿ ಎಣಿಸುತ್ತ ಕೂತೆ. ತಾನು ಎಲ್ಲಿಯೂ ಆವರ್ತನದ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಹಿಂದಿನ ಪದಗುಚ್ಛದ ಹೊಟ್ಟೆಯಿಂದಲೇ ಹುಟ್ಟಿ ಸಮದ ಎದುರಿಗೆ ಬಂದು ನಿಲ್ಲುವಂಥದ್ದು ಎಂಬುದು ಆಗ ಗೊತ್ತಾಯಿತು. ಮೊದಲ ಸಲ ನನ್ನ ಕಿವಿ ದನಿಯ ಹಿಂದೆ ಹೋಗಿತ್ತು, ಇದು ಕೇಳಿರಲಿಲ್ಲ. ತಟ್ಟೆಯನ್ನು ಒಂದೇ ಸಲ ಕೇಳಿ ಅದರ ಬಗ್ಗೆ ಮಾತಾಡಲು ನಾನು ಒಪ್ಪದಿರುವುದಕ್ಕೆ ಕಾರಣ ಇದು.

ಮೂರನೆಯದು ಕ್ಯಾಸೆಟ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಕವಿತೆಯನ್ನು ಪುಸ್ತಕದಿಂದ ತೆಗೆದು ಅಡುಗೆಮನೆಗೂ ಬಸ್ಸಿಗೂ ಶಾಲೆಯ ವಾರ್ಷಿಕೋತ್ಸವಕ್ಕೂ ತಲುಪಿಸಿದ ಕ್ಯಾಸೆಟ್‌ಗಳ ಸಾಲು ಅಲ್ಲಿಂದ ಶುರುವಾಯಿತು. ನಾಡಗೀತೆಗೆ ಅನಂತಸ್ವಾಮಿಯವರದೇ ಧಾಟಿಯನ್ನು ಸರ್ಕಾರ 2022ರಲ್ಲಿ ಅಧಿಕೃತಗೊಳಿಸಿದ ಮೇಲೆ ಅವರ ಹಳೆಯ ಕ್ಯಾಸೆಟ್‌ಗಳ ಬಗ್ಗೆ ನಮ್ಮ ಕೂಟದಲ್ಲಿ ಮಾತು ಹೆಚ್ಚಾಗಿದೆ.

ನಲವತ್ತು ವರ್ಷ ದಾಟಿದ ಕ್ಯಾಸೆಟ್ಟನ್ನು ಕೊಂಡ ಕೂಡಲೇ ಪ್ಲೇ ಒತ್ತಬಾರದು. ಟೇಪು ಸುರುಳಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಎಳೆದರೆ ಹಿಗ್ಗುತ್ತದೆ. ಪೆನ್ಸಿಲನ್ನು ಹಲ್ಲಿಗೆ ಸಿಕ್ಕಿಸಿ ಸ್ವಲ್ಪ ಸಡಿಲಿಸಿ, ಆಮೇಲೆ ಕೊನೆಯವರೆಗೆ ಮುಂದಕ್ಕೂ ಹಿಂದಕ್ಕೂ ಒಮ್ಮೆ ಓಡಿಸುತ್ತೇನೆ. ನನಗೆ ಸಿಕ್ಕ ಪ್ರತಿಯಲ್ಲಿ ತೆರೆದ ಬದಿಯ ಮಧ್ಯದಲ್ಲಿ, ತಾಮ್ರದ ಪಟ್ಟಿಯ ಮೇಲೆ ಅಂಟಿಸಿರುವ ಮೆತ್ತನೆಯ ಸಣ್ಣ ಪ್ಯಾಡ್ ಉದುರಿಹೋಗಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅದಿಲ್ಲದಿದ್ದರೆ ಹಾಡು ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ, ಮಾರುವವರು ಅದನ್ನು ಟೇಪೇ ಹೋಗಿದೆ ಎಂದು ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರೆ. ಸ್ಕ್ರೂ ಇರುವ ಬೇಡದ ಕ್ಯಾಸೆಟ್ಟೊಂದನ್ನು ಬಿಚ್ಚಿ ಅದರ ಪ್ಯಾಡನ್ನು ಪಟ್ಟಿಯ ಸಮೇತ ಇದಕ್ಕೆ ಕೂಡಿಸಿದೆ. ಅನಂತಸ್ವಾಮಿಯವರ ದನಿಯ ಜೊತೆಗೆ ತಬಲದ ಎಡಭಾಗ (ಬಾಯಾ) ಮತ್ತು ಬಲಭಾಗ (ದಾಯಾ) ಮತ್ತೆ ಬೇರೆ ಬೇರೆಯಾಗಿ ಕೇಳಿದವು. ಮೂಲ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಕೊಂಡ ಮೇಲೆ ಪದೇಪದೇ ಹಾಕುವುದಿಲ್ಲ.

ಅಂಚೆಯಲ್ಲಿ ತರಿಸುವ ತಟ್ಟೆಗಳಿಗೆ ಮಾರುವವರಲ್ಲಿ ನಾನು ಮೊದಲೇ ಕೇಳಿಕೊಳ್ಳುವುದು ಒಂದೇ ಮಾತು: ಎಲ್‌ಪಿಯನ್ನು ಕವರಿನಿಂದ ಹೊರತೆಗೆದು ಪಕ್ಕದಲ್ಲಿಟ್ಟು ಕಟ್ಟಿ. ಒಳಗೆಯೇ ಇಟ್ಟರೆ ದಾರಿಯ ಕುಲುಕಾಟಕ್ಕೆ ತಟ್ಟೆಯ ಅಂಚು ಕವರಿನ ಅಂಟಿಸಿದ ಅಂಚನ್ನು ಸೀಳುತ್ತದೆ. 78 ತಟ್ಟೆಗಳನ್ನು ಅಂಚೆಯಲ್ಲಿ ನಾನು ತರಿಸುವುದೇ ಇಲ್ಲ, ಹೋಗಿ ಕೈಯಲ್ಲಿ ತರುತ್ತೇನೆ.

ಬೆಲೆಯ ಬಗ್ಗೆ ಕೂಟದಲ್ಲಿ ಒಂದು ಒಪ್ಪಂದವಿದೆ. ಯಾರಾದರೂ ಕೇಳಿದರೆ ಕೊನೆಯಲ್ಲಿ ಹೇಳುತ್ತೇವೆ, ಮೊದಲಲ್ಲ. ಬೆಲೆ ಮೊದಲು ಬಂದಾಗ ಕೇಳುವವರ ಮನಸ್ಸು ಲಾಭ-ನಷ್ಟದ ಲೆಕ್ಕಕ್ಕೆ ಹೋಗುತ್ತದೆ, ಆ ಅಂಕಿ ಮಾರುವವರ ಕಿವಿಗೂ ಬೀಳುತ್ತದೆ. ಹಾಳೆಯಲ್ಲಿ ನಾನು ಬರೆಯುವ ಅನುಕ್ರಮ ಹೀಗಿರುತ್ತದೆ: ಲೇಬಲ್ಲಿನ ಮೇಲಿರುವುದು ಅಕ್ಷರಶಃ, ಕಾಗುಣಿತದ ದೋಷವಿದ್ದರೆ ಅದರ ಸಮೇತ, ಕೊರೆದ ಸಂಖ್ಯೆ, ಪಕ್ಕವಾದ್ಯದವರ ಹೆಸರಿದ್ದರೆ ತಪ್ಪದೆ ಅದು, ತಟ್ಟೆಯ ಸ್ಥಿತಿ, ಎಲ್ಲಿ ಸದ್ದು ಬರುತ್ತದೆ ಎಂಬುದರ ಸಹಿತ, ಆಮೇಲೆ ಕೇಳಿದ್ದು. ಪಕ್ಕವಾದ್ಯದವರನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಎಷ್ಟೋ ಒಳ್ಳೆಯ ತಬಲ ಮತ್ತು ಹಾರ್ಮೋನಿಯಂ ವಾದಕರ ನೆನಪು ಇಂಥ ತಟ್ಟೆಯ ಕವರಿನ ಹಿಂಬದಿಯ ಒಂದು ಸಾಲಿನಲ್ಲಿ ಮಾತ್ರ ಉಳಿದಿದೆ, ಹಲವು ತಟ್ಟೆಗಳಲ್ಲಿ ಅದೂ ಇಲ್ಲ.

ಸದ್ಯಕ್ಕೆ ನಾನು ಹುಡುಕುತ್ತಿರುವುದು ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯವರೊಂದಿಗೆ ಹಾಡಿದ 78 ತಟ್ಟೆಗಳನ್ನು. ಲೇಬಲ್ ಓದುವಂತಿದ್ದು, ತಟ್ಟೆ ಬಿರುಕು ಬಿಡದೆ ಇದ್ದರೆ ಮೇಲ್ಮೈ ಸವೆದಿದ್ದರೂ ಕೊಳ್ಳುತ್ತೇನೆ. ಅಂಚು ಸ್ವಲ್ಪ ಒಡೆದಿದ್ದರೂ, ಅದು ಗೆರೆಗಳಿಗೆ ತಾಗದಿದ್ದರೆ ಅಡ್ಡಿಯಿಲ್ಲ. ಮಾರಲು ಮನಸ್ಸಿಲ್ಲದವರು ಲೇಬಲ್ಲಿನ ವಿವರಗಳನ್ನು ಬರೆದು ಕೊಟ್ಟು, ಒಮ್ಮೆ ಕೇಳಿಸಿದರೂ ಸಾಕು. ಟರ್ನ್‌ಟೇಬಲ್ಲನ್ನೂ ಸರಿಯಾದ ಮುಳ್ಳನ್ನೂ ನಾನೇ ಅವರ ಮನೆಗೆ ತರುತ್ತೇನೆ.