ಸಿಬಿಝೆಡ್ ಮುಗಿಸಿ ಕಾಫಿ ಲ್ಯಾಬ್‌ಗೆ: ನನ್ನ ಅನುಭವ

ಬಿ.ಎಸ್ಸಿಯಲ್ಲಿ ಸಿಬಿಝೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮುಗಿಸಿದವರಿಗೆ ಚಿಕ್ಕಮಗಳೂರು, ಹಾಸನದ ಕಡೆ ಸಿಗುವ ಸಲಹೆ ಎರಡೇ: ಬಿ.ಎಡ್ ಮಾಡಿ, ಇಲ್ಲವೇ ಎಂ.ಎಸ್ಸಿಗೆ ಹೋಗಿ. ಎರಡೂ ಒಳ್ಳೆಯವೇ. ಆದರೆ ಊರ ಸುತ್ತ ಇಷ್ಟು ಕಾಫಿ ಇದ್ದೂ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬ್ ಕಡೆ ನಮ್ಮ ಮಕ್ಕಳು ತಿರುಗಿ ನೋಡುವುದಿಲ್ಲವಲ್ಲ ಎಂಬ ಬೇಸರ ನನಗಿದೆ. ನಾನು ಹಿಡಿದದ್ದು ಆ ದಾರಿಯನ್ನೇ.

ಕಾಫಿ ಮಂಡಳಿ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ 12 ತಿಂಗಳ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಅಥವಾ ಬಯೋಟೆಕ್ನಾಲಜಿ ಓದಿದವರು ಅರ್ಜಿ ಹಾಕಬಹುದು. ಮೊದಲ ಅವಧಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಬೆಂಗಳೂರು. ಸಂದರ್ಶನದ ಜೊತೆ ರುಚಿ, ವಾಸನೆ ಗುರುತಿಸುವ ಪರೀಕ್ಷೆಯೂ ಇರುತ್ತದೆ. ಇದಕ್ಕೆ ಮನೆಯಲ್ಲೇ ತಯಾರಾಗಬಹುದು. ಒಂದು ಲೀಟರ್ ನೀರಿಗೆ 10 ಗ್ರಾಂ ಸಕ್ಕರೆ, ಇನ್ನೊಂದಕ್ಕೆ 2 ಗ್ರಾಂ ಉಪ್ಪು, ಮತ್ತೊಂದಕ್ಕೆ ಅರ್ಧ ಗ್ರಾಂ ಸಿಟ್ರಿಕ್ ಆಮ್ಲ ಹಾಕಿ. ಲೋಟದ ತಳದಲ್ಲಿ ಗುರುತು ಮಾಡಿ, ಬೇರೆಯವರಿಂದ ಜಾಗ ಬದಲಾಯಿಸಿಕೊಂಡು ಸವಿಯಿರಿ. ತಪ್ಪದೆ ಹೇಳಲು ಬಂದ ಮೇಲೆ ಅಷ್ಟೇ ನೀರು ಬೆರೆಸಿ ತೆಳುಮಾಡಿ.

ಲ್ಯಾಬ್‌ನಲ್ಲಿ ಹೆಚ್ಚು ಬರುವ ಕೆಲಸ ಒಟಿ (ಔಟ್‌ಟರ್ನ್) ನೋಡುವುದು, ಅಂದರೆ 50 ಕೆಜಿ ಒಣ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ) ಎಷ್ಟು ಕೆಜಿ ಬೀಜ ಬರುತ್ತದೆ ಎಂಬ ಲೆಕ್ಕ. 100 ಗ್ರಾಂ ಚೆರಿಯ ಸಿಪ್ಪೆ ತೆಗೆದಾಗ 54 ಗ್ರಾಂ ಬೀಜ ಬಂದರೆ ಒಟಿ 27. ಲೆಕ್ಕ ಸುಲಭ, ಕೆಡುವುದು ಸ್ಯಾಂಪಲ್‌ನಲ್ಲಿ. ಮೂಟೆಯ ಬಾಯಿಂದ ಒಂದು ಹಿಡಿ ತೆಗೆದರೆ ಸಾಲದು. ಹಲವು ಮೂಟೆಗಳ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ, ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ಬಿಡುತ್ತ ಬರಬೇಕು. ಅರ್ಧ ಒಟಿ ಕಡಿಮೆ ಬರೆದರೂ 50 ಕೆಜಿಯ 100 ಮೂಟೆ ತಂದ ಬೆಳೆಗಾರರಿಗೆ 50 ಕೆಜಿ ಬೀಜದ ದುಡ್ಡು ಹೋಯಿತು. ಬೀಜದ ತೂಕದಲ್ಲಿ ನೀರೂ ಸೇರಿರುವುದರಿಂದ ಮಾಯಿಶ್ಚರ್ ಬರೆಯದ ಒಟಿಯನ್ನು ನಾನು ಒಪ್ಪುವುದಿಲ್ಲ. ಅದು 12% ದಾಟಿದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುವ ಭಯ ಬೇರೆ.

ಕಪ್ಪಿಂಗ್‌ಗೆ, ಅಂದರೆ ಕಾಫಿಯ ರುಚಿ, ವಾಸನೆ ನೋಡಿ ಗುಣಮಟ್ಟ ಅಳೆಯುವುದಕ್ಕೆ, ಒಂದು ಸ್ಯಾಂಪಲ್‌ಗೆ 5 ಕಪ್. ಪ್ರತಿ ಕಪ್‌ಗೂ 8.25 ಗ್ರಾಂ ಪುಡಿ, 150 ಮಿಲೀ ನೀರು, ಬಿಸಿ 93 ಡಿಗ್ರಿ. ನಾಲ್ಕು ನಿಮಿಷ ಬಿಟ್ಟು, ಮೂಗನ್ನು ಕಪ್‌ನ ಹತ್ತಿರ ತಂದು ಚಮಚದಿಂದ ಮೇಲಿನ ಕೆನೆ ಒಡೆಯಬೇಕು. ವಾಸನೆ ಚೆನ್ನಾಗಿ ಸಿಗುವುದು ಆಗಲೇ. ಬೀಜವನ್ನು ಕಪ್‌ಗೆ ಬೇರೆಬೇರೆಯಾಗಿ ತೂಗಿ, ಬೇರೆಬೇರೆಯಾಗಿಯೇ ಪುಡಿ ಮಾಡಬೇಕು. ಒಟ್ಟಿಗೆ ಪುಡಿ ಮಾಡಿದರೆ ಒಂದು ಹುಳಿತ ಬೀಜದ ದೋಷ ಐದಕ್ಕೂ ಹರಡಿ, ಅದು ಒಂದೇ ಬೀಜದ್ದೋ ಇಡೀ ಲಾಟಿನದ್ದೋ ತಿಳಿಯುವುದಿಲ್ಲ. ಸೆಂಟ್ ಹಾಕಿದ ದಿನ, ನೆಗಡಿ ಬಂದ ದಿನ ಮೇಜಿನ ಹತ್ತಿರ ಹೋಗಬೇಡಿ.

ಸಂಶೋಧನೆಯ ಆಸೆಯಿದ್ದರೆ ಎಂ.ಎಸ್ಸಿ ಬಿಡಬೇಡಿ. ಕಾಫಿ ಗಿಡ ಕೆಡಿಸುವ ಬಿಳಿ ಕಾಂಡಕೊರಕ ಹುಳು, ಎಲೆ ತುಕ್ಕು ರೋಗ ಎರಡೂ ಇನ್ನೂ ಓದಿದವರ ಕೈಗಾಗಿ ಕಾದಿವೆ. ಸಂಶೋಧನಾ ಫೆಲೋಶಿಪ್‌ಗೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಜೀವವಿಜ್ಞಾನದಲ್ಲಿ 200ರಲ್ಲಿ 100 ಅಂಕ ಸಿ ಭಾಗದ್ದು. 75 ಪ್ರಶ್ನೆಗಳಲ್ಲಿ 25 ಬರೆದರೆ ಸಾಕು, ಹಾಗಾಗಿ ಆರೇಳು ಘಟಕಗಳನ್ನು ಆಳವಾಗಿ ಓದಿ.

ಲ್ಯಾಬ್ ಕೆಲಸ ಕೇಳಲು ಹೋಗುವವರು ಡಿಸೆಂಬರ್‌ಗೆ ಮೊದಲೇ ಹೋಗಿ. ಡಿಸೆಂಬರ್‌ನಲ್ಲಿ ಅರೇಬಿಕ ಕೊಯ್ಲು ನಡೆಯುತ್ತಿರುತ್ತದೆ, ಜನವರಿಯಿಂದ ರೊಬಸ್ಟವೂ ಸೇರಿಕೊಂಡರೆ ಯಾರಿಗೂ ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ.