ಓಡುವ ಲಾಳಿಗೊಂದು ಕ್ಯಾಮೆರಾ

ಕ್ಯಾಮೆರಾಗೆ ಅಂತ ನಾನು ಕೂಡಿಸಿಟ್ಟದ್ದು 30,000 ರೂಪಾಯಿ. ಅದರಲ್ಲಿ 6,000 ಅವ್ವನ ಚೀಟಿ ದುಡ್ಡು. "ಮೊಬೈಲ್ನ್ಯಾಗ ಬರಂಗಿಲ್ಲೇನೋ ಫೋಟೋ?" ಅಂತ ಕೇಳುತ್ತಲೇ ಕೊಟ್ಟಳು. ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ ಇತ್ತು: ಮಾಗಡಿ ಕೆರೆಯ ಹಕ್ಕಿ ತೆಗೆಯಬೇಕು. ಚಳಿಗಾಲ ಬಂತೆಂದರೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ನಮ್ಮ ಗದಗ ಜಿಲ್ಲೆಯ ಆ ಕೆರೆಗೆ ಬಂದಿಳಿಯುತ್ತವೆ. ಮೊಬೈಲಿನಲ್ಲಿ ತೆಗೆದರೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ. ಅಂದಮೇಲೆ ದೊಡ್ಡ ಜೂಮ್ ಬೇಕು, ಅದಕ್ಕೊಂದು ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ ಬೇಕು. ಲೆಕ್ಕ ಸರಳವಾಗಿತ್ತು. ತಪ್ಪೂ ಆಗಿತ್ತು.

ಮೊದಲು ಹೋದದ್ದು ಹುಬ್ಬಳ್ಳಿಯ ಒಂದು ಅಂಗಡಿಗೆ. ಹೊಸ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಜೊತೆಗೆ 18-55 ಎಂಎಂ ಮತ್ತು 70-300 ಎಂಎಂ ಎರಡು ಲೆನ್ಸ್ (ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಬ್ಯಾಗು, ಟ್ರೈಪಾಡು ಎಲ್ಲ ಸೇರಿಸಿ ಒಂದು ಸೆಟ್ ತೋರಿಸಿದರು. "ಇದೊಂದು ತಗೊಂಡ್ರ ಮುಗೀತ್ರಿ ಸರ್ರ, ಮುಂದ ಏನೂ ಬ್ಯಾಡ." ಬೆಲೆ ನನ್ನ ದುಡ್ಡಿಗಿಂತ ಬಹಳ ಮೇಲಿತ್ತು, ಅದಕ್ಕೂ ಅವರ ಹತ್ತಿರ ಕಂತಿನ ಉಪಾಯ ತಯಾರಿತ್ತು. ಸಹಿ ಹಾಕುವುದೊಂದೇ ಬಾಕಿ. ಯಾಕೋ ಮನಸ್ಸು ಹಿಂದೆ ಸರಿಯಿತು. ಡಬ್ಬಿಯ ಫೋಟೋ ಹೊಡೆದುಕೊಂಡು ವಾಪಸ್ ಬಂದೆ. ಮನೆಯಲ್ಲಿ ಕೂತು ನೋಡಿದರೆ ಆ 70-300ರ ಹೆಸರಿನಲ್ಲಿ ವಿಆರ್ ಅನ್ನೋ ಎರಡಕ್ಷರವೇ ಇಲ್ಲ. ನಿಕಾನ್ ಕಂಪನಿಯವರು ಎಎಫ್-ಪಿ ಅನ್ನೋ ಸಾಲಿನ ಆ ಲೆನ್ಸನ್ನು ಎರಡು ಬಗೆಯಲ್ಲಿ ಮಾಡಿದ್ದಾರೆ. ಒಂದರಲ್ಲಿ ಕೈ ನಡುಗಿದರೆ ಸಂಭಾಳಿಸುವ ವಿಆರ್ ಇದೆ, ಇನ್ನೊಂದರಲ್ಲಿ ಇಲ್ಲ. ನೋಡಲಿಕ್ಕೆ ಎರಡೂ ಅಣ್ಣತಮ್ಮಂದಿರು. 300 ಎಂಎಂನಲ್ಲಿ ಕೈಯಲ್ಲಿ ಹಿಡಿದು ತೆಗೆಯುವವನಿಗೆ ಆ ಎರಡಕ್ಷರ ಬಹಳ ದೊಡ್ಡವು.

ಆಮೇಲೆ ಗೆಳೆಯನೊಬ್ಬನ ಕ್ಯಾಮೆರಾವನ್ನು ಒಂದು ವಾರಕ್ಕೆ ಕಡ ತಂದೆ. ಈ ಇಡೀ ಕಥೆಯಲ್ಲಿ ನಾನು ಮಾಡಿದ ಒಳ್ಳೆ ಕೆಲಸ ಅದೇ. ಅವನದು ಹಳೆ ನಿಕಾನ್, ಜೊತೆಗೆ ವಿಆರ್ ಇರುವ 70-300. ನಸುಕಿನಲ್ಲೇ ಮಾಗಡಿಗೆ ಹೋದೆ. ಹೆಬ್ಬಾತುಗಳು ಇದ್ದವು, ಆದರೆ ನೀರಿನ ನಡುವೆ. 300ರಲ್ಲೂ ಎಳ್ಳು ಹೋಗಿ ಕಡಲೆ ಆಯಿತು, ಅಷ್ಟೇ. ಹಕ್ಕಿಯವರು ಯಾಕೆ ಲಕ್ಷಗಟ್ಟಲೆ ಲೆನ್ಸಿಗೆ ಸುರಿಯುತ್ತಾರೆ ಅಂತ ಅವತ್ತು ತಿಳಿಯಿತು.

ಕ್ಯಾಮೆರಾ ವಾಪಸ್ ಕೊಡಲಿಕ್ಕೆ ಇನ್ನೂ ನಾಲ್ಕು ದಿನ ಇತ್ತು. ಸುಮ್ನೆ ಬೆಟಗೇರಿಗೆ, ಕಾಕಾನ ಮನೆಗೆ ಹೋದೆ. ಕಾಕಾ ಇನ್ನೂ ಕೈಮಗ್ಗದಲ್ಲೇ ಸೀರೆ ನೇಯುತ್ತಾನೆ. ಓಣಿಯಲ್ಲಿ ಈಗ ಪವರ್‌ಲೂಮಿನ ಸದ್ದೇ ಜಾಸ್ತಿ. ಮಗ್ಗದ ಕೋಣೆಗೆ ಇರುವುದು ಒಂದೇ ಸಣ್ಣ ಕಿಟಕಿ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅವನು ಹಗ್ಗ ಜಗ್ಗಿದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ಆ ಲಾಳಿಯನ್ನೇ ಹಿಡಿಯಲಿಕ್ಕೆ ಒಂದು ತಾಸು ಒದ್ದಾಡಿದೆ. ಗೆಳೆಯನ ಕ್ಯಾಮೆರಾ ಜೊತೆಗೇ ಬಂದಿದ್ದ 18-55 ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಬಿಡುವ ಕಂಡಿ, ಎಫ್/5.6ಕ್ಕಿಂತ ಅಗಲ ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು). ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಅಳತೆಯನ್ನು 3200ಕ್ಕೆ ಏರಿಸಿದರೂ ಶಟರ್ ತೆರೆದು ಮುಚ್ಚುವ ವೇಗ 1/30 ಸೆಕೆಂಡಿನ ಮೇಲೆ ಹೋಗಲಿಲ್ಲ. ಲಾಳಿ ಬದಲು ಒಂದು ಬೂದು ಗೀರು ಬಂತು. ಕಾಕಾ ಇಣುಕಿ ನೋಡಿ, "ಲಾಳಿ ಎಲ್ಲೈತೋ ತಮ್ಮಾ ಇದರಾಗ?" ಅಂದ.

ಅವತ್ತು ರಾತ್ರಿ ಮೊಬೈಲಿನ ಗ್ಯಾಲರಿ ತೆಗೆದು ಕೂತೆ. ಹಿಂದಿನ ಒಂದು ವರ್ಷ ನಾನು ಏನೇನು ತೆಗೆದಿದ್ದೇನೆ ಅಂತ ಎಣಿಸಿದೆ. ಹಕ್ಕಿ 31. ಮಗ್ಗ, ಅವ್ವ ರೊಟ್ಟಿ ಬಡಿಯುವುದು, ತ್ರಿಕೂಟೇಶ್ವರ ಗುಡಿಯ ಆವರಣದ ಸರಸ್ವತಿ ಗುಡಿಯ ಕಂಬಗಳು, ಲಕ್ಕುಂಡಿಯ ಗುಡಿಗಳ ಒಳಗೆ, ಹೀಗೆ ಮಬ್ಬು ಬೆಳಕಿನವೇ 400ರ ಮೇಲೆ. ಬಾಯಲ್ಲಿ ಹಕ್ಕಿ ಹಕ್ಕಿ ಅನ್ನುತ್ತಿದ್ದವನು ಕೈಯಲ್ಲಿ ತೆಗೆದದ್ದು ಪೂರಾ ಬೇರೆ! ನನಗೆ ಬೇಕಾದದ್ದು ದೂರದ್ದನ್ನು ಹತ್ತಿರ ತರುವ ಲೆನ್ಸ್ ಅಲ್ಲ, ಕತ್ತಲಲ್ಲಿ ಜಾಸ್ತಿ ಬೆಳಕು ಕುಡಿಯುವ ಲೆನ್ಸ್. ಕ್ಯಾಮೆರಾ ತಗೊಳ್ಳುವ ಯಾರಿಗಾದರೂ ನಾನೀಗ ಮೊದಲು ಹೇಳುವುದು ಇದನ್ನೇ. ಮಾಡೆಲ್ ನಂಬರ್ ಆಮೇಲೆ ನೋಡೋಣ, ಮೊದಲು ನಿನ್ನ ಗ್ಯಾಲರಿ ಎಣಿಸು.

ಎಫ್/1.8 ಇರುವ, ಜೂಮ್ ಇಲ್ಲದ ಲೆನ್ಸುಗಳು ಸೋವಿಯಲ್ಲಿ ಸಿಗುತ್ತವೆ. ಎಫ್/5.6ಕ್ಕೆ ಹೋಲಿಸಿದರೆ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತವೆ. ಅಂದರೆ ಅದೇ ಕೋಣೆ, ಅದೇ ಐಎಸ್‌ಒ, 1/30ರ ಜಾಗದಲ್ಲಿ 1/250 ಸಿಗುತ್ತದೆ. ಎಲ್ಲರೂ 50 ಎಂಎಂ ತಗೋ ಅನ್ನುತ್ತಿದ್ದರು. ತಗೊಳ್ಳುವ ಮೊದಲು ಒಂದು ಹುಚ್ಚು ಪರೀಕ್ಷೆ ಮಾಡಿದೆ. ಗೆಳೆಯನ 18-55ರ ಜೂಮ್ ರಿಂಗನ್ನು ಸುಮಾರು 50ಕ್ಕೆ ನಿಲ್ಲಿಸಿ ಟೇಪ್ ಅಂಟಿಸಿ ಒಂದು ದಿನ, 35ಕ್ಕೆ ಅಂಟಿಸಿ ಇನ್ನೊಂದು ದಿನ ತಿರುಗಿದೆ. ಬೆಳಕು ಹಿಡಿಯುವ ಸೆನ್ಸರ್ ಸಣ್ಣದಿರುವ ಈ ಕ್ಯಾಮೆರಾಗಳಲ್ಲಿ 50 ಎಂಎಂ ಹಾಕಿದರೆ ನಿಕಾನ್‌ನಲ್ಲಿ 75ರಷ್ಟು, ಕ್ಯಾನನ್‌ನಲ್ಲಿ 80ರಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಮಗ್ಗದ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಕಾಕಾನ ಅರ್ಧ ಮೈ ಮಾತ್ರ ಬಂತು. 35ರಲ್ಲಿ ಮಗ್ಗ, ಕಾಕಾ, ಕಿಟಕಿ ಮೂರೂ ಕೂತವು.

ಅಲ್ಲಿಗೆ ಕಂಪನಿ ಯಾವುದು ಅನ್ನುವುದೂ ತಾನಾಗಿಯೇ ತೀರ್ಮಾನವಾಯಿತು. ನಿಕಾನ್‌ನಲ್ಲಿ ಸಣ್ಣ ಸೆನ್ಸರಿಗೆಂದೇ ಮಾಡಿದ 35 ಎಂಎಂ ಎಫ್/1.8ಜಿ ಇದೆ, 2009ರಲ್ಲೇ ಬಂದದ್ದರಿಂದ ಸೆಕೆಂಡ್ ಹ್ಯಾಂಡ್ ಬಹಳ ಸಿಗುತ್ತದೆ. ಕ್ಯಾನನ್‌ನಲ್ಲಿ ಅಷ್ಟೇ ದುಡ್ಡಿಗೆ ಸಿಗುವುದು 24 ಎಂಎಂ ಎಫ್/2.8. ಪುಟ್ಟದು, ಚಲೋ ಲೆನ್ಸು. ಗುಡಿ ಮಾತ್ರ ತೆಗೆಯುವವನಾಗಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ. ಲಾಳಿಗೆ ಅದರ ಬೆಳಕು ಸಾಲದು. ಕ್ಯಾನನ್ ಒಳ್ಳೇದೋ ನಿಕಾನ್ ಒಳ್ಳೇದೋ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಲೆನ್ಸ್ ಮೊದಲು ಗೊತ್ತಾದರೆ ಆ ಜಗಳವೇ ಇರುವುದಿಲ್ಲ.

ಬಾಡಿ ಹಳೆಯದೇ ಸಾಕು ಅಂತ ನಿರ್ಧರಿಸಿದೆ. ನಿಕಾನ್, ಕ್ಯಾನನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾಡೆಲ್ ಬಿಟ್ಟಿಲ್ಲ, ಎಲ್ಲ ಗಮನ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳ ಕಡೆಗೆ. ಮದುವೆ ಫೋಟೋ ತೆಗೆಯುವವರೂ ಅತ್ತ ಹೋಗುತ್ತಿದ್ದಾರೆ. ನಮ್ಮಂಥವರಿಗೆ ಅದೇ ಲಾಭ. ನಾನು ಆರಿಸಿಕೊಂಡದ್ದು ನಿಕಾನ್ ಡಿ5300. 2013ರ ಕ್ಯಾಮೆರಾ, 24 ಮೆಗಾಪಿಕ್ಸೆಲ್. ಮುಖ್ಯ ಕಾರಣ ಅದರ ಹೊರಳುವ ಪರದೆ. ಮಗ್ಗದ ಕುಣಿಯ ಮಟ್ಟಕ್ಕೆ ಕ್ಯಾಮೆರಾ ಇಳಿಸಬೇಕಾದರೆ ಪರದೆ ಹೊರಳದ ಡಿ3500ರಲ್ಲಿ ನೆಲದ ಮೇಲೆ ಬೋರಲು ಮಲಗಬೇಕು. ಒಂದು ಎಚ್ಚರಿಕೆ: ಡಿ3000, ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ನನ್ನ ಗೆಳೆಯ ಸೋವಿ ಸಿಕ್ಕಿತೆಂದು 50 ಎಂಎಂ ಎಫ್/1.8ಡಿ ತಂದು, ಈಗಲೂ ಕೈಯಿಂದ ರಿಂಗ್ ತಿರುಗಿಸುತ್ತಾನೆ. ಹೆಸರಿನ ಮುಂದೆ ಎಎಫ್-ಎಸ್ ಅಂತ ಇದ್ದರೆ ಲೆನ್ಸಿನಲ್ಲೇ ಮೋಟಾರ್ ಇರುತ್ತದೆ.

ಮೊದಲು ನೋಡಿದ್ದು ಒಬ್ಬ ಮದುವೆ ಫೋಟೋಗ್ರಾಫರನದು. ಹೊರಗಿನಿಂದ ಮದುಮಗನ ಹಾಗೆ ಮಿಂಚುತ್ತಿತ್ತು. ಲೆನ್ಸ್ ಬಿಚ್ಚಿ ಹಿಂದಿನಿಂದ ಮೊಬೈಲಿನ ಟಾರ್ಚ್ ಬಿಟ್ಟರೆ ಒಳಗೆ ಜೇಡರ ಬಲೆಯಂಥ ಎಳೆಗಳು. ಫಂಗಸ್, ಅಂದರೆ ಬೂಷ್ಟು. "ಅದು ಧೂಳ್ರಿ, ಒರಸಿದ್ರ ಹೋಗ್ತದ" ಅಂದರು. ಧೂಳು ಚುಕ್ಕೆ ಚುಕ್ಕೆಯಾಗಿರುತ್ತದೆ, ಕವಲೊಡೆಯುವುದಿಲ್ಲ. ನಮಸ್ಕಾರ ಹೇಳಿ ಎದ್ದೆ.

ಎರಡನೆಯದು ಹುಬ್ಬಳ್ಳಿ ವಿದ್ಯಾನಗರದ ಒಬ್ಬ ಇಂಜಿನಿಯರಿಂಗ್ ಹುಡುಗನದು. ಗದಗಿನಿಂದ ರೈಲು ಹತ್ತಿ ಹೋದೆ. ಅಣ್ಣಿಗೇರಿ ದಾಟುವವರೆಗೂ ಏನೇನು ನೋಡಬೇಕು ಅಂತ ಮನಸ್ಸಿನಲ್ಲೇ ಉರು ಹಚ್ಚುತ್ತಿದ್ದೆ. ಉಣಕಲ್ ಕೆರೆಯ ಪಾರ್ಕಿನಲ್ಲಿ ಭೇಟಿ. ಎಫ್/16 ಇಟ್ಟು ಬರೀ ಆಕಾಶದ ಫೋಟೋ ತೆಗೆದೆ. ಸೆನ್ಸರಿನ ಮೇಲೆ ಕೊಳೆ ಇದ್ದರೆ ಅದರಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಎರಡು ಮಚ್ಚೆ ಇದ್ದವು, ಊದುವ ರಬ್ಬರ್ ಬುಡ್ಡೆಯಿಂದ ಗಾಳಿ ಬಿಟ್ಟ ಮೇಲೆ ಹೋದವು. ನಿಕಾನ್ ಪ್ರತಿ ಫೋಟೋದ ಫೈಲಿನಲ್ಲೇ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಬರೆದಿಡುತ್ತದೆ. ಒಂದು ಫೋಟೋವನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ 14,000 ಚಿಲ್ಲರೆ. ಹೆಚ್ಚು ಬಳಸಿದ ಕ್ಯಾಮೆರಾಗಳಲ್ಲಿ ಇದು ಲಕ್ಷ ದಾಟಿರುತ್ತದೆ. ಆಮೇಲೆ ಪೇಪರ್ ಹಾಸಿ, ಓರೆಯಾಗಿ ನಿಂತು ಒಂದು ಸಾಲಿನ ಮೇಲೆ ಫೋಕಸ್ ಮಾಡಿ, ಅದೇ ಸಾಲು ಚೂಪಾಗಿದೆಯೋ ಹಿಂದಿನ ಮುಂದಿನ ಸಾಲೋ ಅಂತ ನೋಡಿದೆ. ಡಿ5300ರಲ್ಲಿ ಫೋಕಸ್ ಹಿಂದುಮುಂದಾದರೆ ನಾವೇ ಸರಿಪಡಿಸಿಕೊಳ್ಳುವ ಸೌಲಭ್ಯ ಇಲ್ಲ, ಹಾಗಾಗಿ ಇದನ್ನು ಬಿಡಬಾರದು. ಹುಡುಗ ಮೊದಮೊದಲು ನಗುತ್ತಿದ್ದ, ಕೊನೆಗೆ ಅವನೇ ಪೇಪರ್ ಹಿಡಿದುಕೊಂಡು ಕೂತ. ಬಿಲ್ಲಿನ ನಂಬರ್, ಬಾಡಿಯ ತಳದ ನಂಬರ್ ಹೊಂದಿದವು. ಕಿಟ್ ಲೆನ್ಸ್ ಸಮೇತ 18,500ಕ್ಕೆ ಮುಗಿಸಿದೆ. 500 ರೂಪಾಯಿಗೆ ಅರ್ಧ ತಾಸು ಚೌಕಾಶಿ ಮಾಡಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಎರಡು ವಾರದ ಮೇಲೆ 35 ಎಂಎಂ ಲೆನ್ಸು 7,500ಕ್ಕೆ ಸಿಕ್ಕಿತು. ಉಳಿದದ್ದರಲ್ಲಿ ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ, ಗಾಳಿ ಬುಡ್ಡೆ, ಮಳೆಗಾಲಕ್ಕೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ಬ್ಯಾಗಿಗೆ ದುಡ್ಡು ಉಳಿಯಲಿಲ್ಲ. ಅವ್ವ ಹಳೆ ಕೌದಿ ಕತ್ತರಿಸಿ ಒಂದು ಚೀಲ ಹೊಲಿದು ಕೊಟ್ಟಳು. ನಾಲ್ಕು ಪದರದ ಬಟ್ಟೆ, ಯಾವ ಕಂಪನಿಯ ಬ್ಯಾಗಿಗೂ ಕಡಿಮೆ ಇಲ್ಲ.

ಎಲ್ಲ ತಂದ ಮೇಲೂ ಮೊದಲ ದಿನ ಕೆಟ್ಟೆ. ಎಫ್/1.8ರಲ್ಲಿ ಒಂದೇ ದೂರದ್ದಷ್ಟೇ ಚೂಪಾಗುತ್ತದೆ: ಕಾಕಾನ ಕೈ ಚೂಪಾಗಿ ಬಂತು, ಮುಖ ಮಸುಕು. ಟ್ಯೂಬ್‌ಲೈಟ್ ಹಾಕಿದರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ. ನಮ್ಮ ಕರೆಂಟಿಗೆ ಹಳೆ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ಕಾಣದ್ದು 1/250ಕ್ಕೆ ಕಂಡುಬಿಡುತ್ತದೆ. ಟ್ಯೂಬ್ ಆರಿಸಿ, ಕಿಟಕಿಗೆ ಅಡ್ಡ ಇದ್ದ ನೂಲಿನ ಚೀಲ ಸರಿಸಿದೆ. ಅಪರ್ಚರ್ ಎಫ್/2.2ಕ್ಕೆ ತಂದು, ಮುಖವೂ ಲಾಳಿಯೂ ಒಂದೇ ದೂರಕ್ಕೆ ಬರುವ ಹಾಗೆ ಪಕ್ಕಕ್ಕೆ ಸರಿದು ಕೂತೆ. ಮಗ್ಗದ ಸದ್ದಿನ ತಾಳಕ್ಕೆ ಬೆರಳು ಒತ್ತುವುದು ಕಲಿಯಲಿಕ್ಕೆ ಇನ್ನೊಂದು ಭಾನುವಾರ ಹೋಯಿತು.

ಮೂರನೇ ಭಾನುವಾರ ಲಾಳಿ ಸಿಕ್ಕಿತು. ಹಾಸಿನ ನಟ್ಟನಡುವೆ, ಹಿಂದೆ ಹೊಕ್ಕಿನ ನೂಲು ಎಳೆದುಕೊಂಡು, ಗಾಳಿಯಲ್ಲೇ ನಿಂತ ಹಾಗೆ. ಪರದೆಯಲ್ಲಿ ದೊಡ್ಡದು ಮಾಡಿ ಕಾಕಾನ ಮುಂದೆ ಹಿಡಿದೆ. ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಇಲ್ಲೊಂದು ಎಳಿ ಹರದೈತಲ್ಲೋ!" ಅಂದ. ಕ್ಯಾಮೆರಾ ನನ್ನ ಕೈಗಿಟ್ಟು ಮಗ್ಗಕ್ಕೆ ಬಗ್ಗಿದ, ಹರಿದ ಎಳೆ ಹುಡುಕಿ ಗಂಟು ಹಾಕತೊಡಗಿದ.