ಮೀಟಿಂಗ್‌ನಲ್ಲಿ ಮಾತು ತುಂಡಾಗುತ್ತಿದೆಯೇ? ಮೊದಲು ರೂಟರ್‌ಗೇ ಪಿಂಗ್ ಹಾಕಿ

“ಅಣ್ಣಾ, 100 ಎಂಬಿಪಿಎಸ್ ಪ್ಲಾನ್ ಹಾಕ್ಸೀವಿ. ಆದ್ರೂ ಮೀಟಿಂಗ್‌ನಾಗ ನನ್ನ ಮಾತು ತುಂಡು ತುಂಡಾಗಿ ಕೇಳ್ತೈತಂತೆ.” ದಾವಣಗೆರೆಯ ನಿಟುವಳ್ಳಿಯಲ್ಲಿ ಎದುರು ಮನೆಯ ಹುಡುಗಿ ಹೇಳಿದ್ದು. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಹೋಗಿ ನೋಡಿದರೆ ರೂಟರ್ ನಡುಮನೆಯ ಟಿವಿ ಹಿಂದೆ ಇತ್ತು; ಅವಳು ಕೂರುವುದು ಎರಡು ಗೋಡೆ ಆಚೆಯ ಹಿಂದಿನ ಕೋಣೆಯಲ್ಲಿ. ಇಂಥ ಮನೆಗಳಲ್ಲಿ ಪ್ಲಾನ್ ಮೇಲೆ ಪ್ಲಾನ್ ಏರಿಸಿ ದುಡ್ಡು ಕಳೆಯುವವರನ್ನು ನೋಡಿ ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಝೂಮ್‌ನಲ್ಲಿ ಇಬ್ಬರು 720ಪಿ ವಿಡಿಯೊದಲ್ಲಿ ಮಾತಾಡಲು 1.2 ಎಂಬಿಪಿಎಸ್ ಸಾಕು. ಯೂಟ್ಯೂಬ್ ವಿಡಿಯೊ ಮುಂದಿನ ಭಾಗವನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಇನ್ನೂ ಆಡದ ಮಾತನ್ನು ಹಾಗೆ ತುಂಬಿಡಲಾಗದು. ಅದಕ್ಕೇ ಸಿನಿಮಾ ಸಲೀಸಾಗಿ ಓಡುವ ಮನೆಯಲ್ಲೂ ಮೀಟಿಂಗ್ ತಡವರಿಸುತ್ತದೆ.

ಹಂತ 1. ಬೇಡದ ಟ್ಯಾಬ್ ಮುಚ್ಚಿ, ಆ್ಯಪ್ ಅಪ್‌ಡೇಟ್ ಮಾಡಿ, ಲ್ಯಾಪ್‌ಟಾಪ್ ಒಮ್ಮೆ ರೀಸ್ಟಾರ್ಟ್ ಮಾಡಿ.

ಹಂತ 2. ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ತೊಂದರೆ ಮನೆಯೊಳಗಿದೆಯೋ, ಹೊರಗಿನ ಲೈನಿನಲ್ಲಿದೆಯೋ ತಿಳಿಯಬೇಕು. ಅದಕ್ಕೆ ಪಿಂಗ್ ಹಾಕಬೇಕು; ಅಂದರೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿ. ‘ಡೀಫಾಲ್ಟ್ ಗೇಟ್‌ವೇ’ ಎದುರಿಗಿರುವುದು ನಿಮ್ಮ ರೂಟರ್ ವಿಳಾಸ. ಎಷ್ಟೋ ಮನೆಗಳಲ್ಲಿ ಅದು 192.168.1.1. ಈಗ ‘ಪಿಂಗ್’ (ping) ಎಂದು ಟೈಪಿಸಿ, ಜಾಗ ಬಿಟ್ಟು ಆ ವಿಳಾಸ, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ‘ಟಿ’ ಅಕ್ಷರ (-t) ಹಾಕಿ ಎಂಟರ್ ಒತ್ತಿ. ನೀವು ದಿನಾ ಕೂರುವ ಜಾಗದಲ್ಲೇ ಕೂತು, ದಿನಾ ಮೀಟಿಂಗ್ ನಡೆಯುವ ಹೊತ್ತಿಗೇ, ಎರಡು ಮೂರು ನಿಮಿಷ ಓಡಲು ಬಿಡಿ. ನಿಲ್ಲಿಸಲು ಕಂಟ್ರೋಲ್ ಮತ್ತು ‘ಸಿ’.

ಪ್ರತಿ ಸಾಲಿನಲ್ಲೂ ‘ಟೈಮ್’ ಹತ್ತು ಮಿಲಿಸೆಕೆಂಡಿನೊಳಗಿದ್ದರೆ ಮನೆಯೊಳಗಿನ ವೈಫೈ ಚೆನ್ನಾಗಿದೆ. 3, 4, 280, 5, 400 ಎಂದು ಕುಣಿದರೆ, ನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ, ತೊಂದರೆ ನಿಮ್ಮ ಗೋಡೆಗಳ ನಡುವೆಯೇ ಇದೆ. ರೂಟರ್ ವಿಳಾಸದ ಬದಲು 8.8.8.8 (ಮನೆಯಾಚೆಗಿನ ಗೂಗಲ್ ಸರ್ವರ್ ವಿಳಾಸ) ಹಾಕಿ ಇದನ್ನೇ ಮತ್ತೆ ಮಾಡಿ. ಮೊದಲನೆಯದು ಸರಿಯಿದ್ದು ಇದು ಮಾತ್ರ ಕುಣಿದರೆ, ಪರದೆಯ ಫೋಟೊ ತೆಗೆದಿಟ್ಟುಕೊಂಡು ಇಂಟರ್ನೆಟ್‌ನವರಿಗೆ ಫೋನ್ ಮಾಡಿ. ಬರೀ ‘ಸ್ಲೋ ಐತಿ’ ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ಸಾಗಹಾಕುತ್ತಾರೆ.

ಹಂತ 3. ತೊಂದರೆ ಮನೆಯೊಳಗಿದ್ದರೆ ನನ್ನದು ಒಂದೇ ಮಾತು: ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯುತ್ತದೆ. ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ತಂತಿ ಬೇಡ. ಕೇಬಲ್ ಎಳೆಯಲು ಆಗದಿದ್ದರೆ ರೂಟರನ್ನು ಟಿವಿ ಹಿಂದಿನಿಂದ ತೆಗೆದು ಎತ್ತರಕ್ಕೆ ಏರಿಸಿ, 5 ಗಿಗಾಹರ್ಟ್ಸ್ ವೈಫೈಗೆ ಸೇರಿ. ಅದು ಗೋಡೆಗೆ ಬೇಗ ಸೋಲುತ್ತದೆ, ಹಾಗಾಗಿ ಹತ್ತಿರ ಕೂರಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಒಂದೇ ದಾರಿಯಲ್ಲಿ ನುಗ್ಗುತ್ತವೆ. ‘ಇಂಟರ್ನೆಟ್ ಬೂಸ್ಟರ್’ ಎಂಬ ಆ್ಯಪ್‌ಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಗೋಡೆ ದಾಟಿಸುವ ಶಕ್ತಿ ಯಾವ ಆ್ಯಪ್‌ಗೂ ಇಲ್ಲ.

ಹಂತ 4. ಮನೆಯವರ ಫೋನುಗಳಲ್ಲಿ ಫೋಟೊ ಬ್ಯಾಕಪ್ ನಿಲ್ಲಿಸಿ. ಮದುವೆ ಮನೆಯಿಂದ ಬಂದ ರಾತ್ರಿ ನೂರಾರು ಫೋಟೊ ಒಟ್ಟಿಗೆ ಮೇಲೇರುವಾಗ ನಿಮ್ಮ ದನಿ ಅವುಗಳ ಹಿಂದೆ ಸರತಿಯಲ್ಲಿ ನಿಲ್ಲಬೇಕಾಗುತ್ತದೆ.

ಹಂತ 5. ಆ್ಯಪ್‌ನಲ್ಲಿ ಎಚ್‌ಡಿ ವಿಡಿಯೊ ಮತ್ತು ಹಿನ್ನೆಲೆ ಮಸುಕು ಮಾಡುವುದನ್ನು ಆಫ್ ಮಾಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಆ ಮಸುಕೇ ಪ್ರೊಸೆಸರನ್ನು ತಿಂದುಹಾಕುತ್ತದೆ.

ಹಂತ 6. ಕರೆಂಟ್ ಹೋದಾಗ ಮೀಟಿಂಗ್ ಕಡಿಯದಿರಲು ರೂಟರ್‌ಗೊಂದು ಪುಟ್ಟ ಯುಪಿಎಸ್ ತನ್ನಿ. ರೂಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ನೋಡಿಕೊಂಡೇ ಕೊಳ್ಳಿ. ಫೈಬರ್ ಡಬ್ಬಿ ಬೇರೆಯಾಗಿದ್ದರೆ ಅದಕ್ಕೂ ಯುಪಿಎಸ್‌ನಿಂದಲೇ ಕರೆಂಟ್ ಸಿಗಬೇಕು.